ಆಕ್ಸಲ್ ಯಾರ ಪಾಲು

ಆ ಶೆಡ್ಡಿಗೆ ಬರುವ ಗಿರಾಕಿಗಳೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಲ್ಲುದುರಿದ ಮುದುಕರೂ ಬಾಗಿಲಲ್ಲಿ ನಿಂತು ‘ಅಕ್ಕಾ, ನಮ್ಮ ಗಾಡಿ ಆಯ್ತಾ?’ ಎಂದಾಗ ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಐವತ್ತೆರಡು ತುಂಬುವ ಹೊತ್ತಿಗೆ ಆ ನಗುವೂ ಬತ್ತಿತ್ತು. ‘ಆಗ್ತಾ ಇದೆ, ಕೂತ್ಕೊಳ್ಳಿ’ ಎಂದಷ್ಟೇ ಹೇಳಿ ಕುರ್ಚಿ ತೋರಿಸುತ್ತಿದ್ದಳು.

ಮರ ಕೊಯ್ಯುವ ಮಿಲ್ಲಿಗೂ ಹಳೆ ಟೈರುಗಳ ಗೋದಾಮಿಗೂ ನಡುವೆ ಇತ್ತು ಶೆಡ್ಡು. ಅಲ್ಲಿ ರಿಪೇರಿಯಾಗುತ್ತಿದ್ದದ್ದು ಕ್ಯಾರವಾನ್‌ಗಳು. ಕಾರಿನ ಬೆನ್ನಿಗೆ ಕಟ್ಟಿ ಊರೂರು ಎಳೆದೊಯ್ಯುವ, ಒಳಗೆ ಮಂಚ, ಒಲೆ, ಫ್ರಿಜ್ಜು ಎಲ್ಲ ಇರುವ ಚಕ್ರದ ಮನೆಗಳು. ಮಿಲ್ಲಿನ ಹೊಟ್ಟು ಗಾಳಿಗೆ ಹಾರಿ ಬಂದು ಗ್ರೀಸಿನ ಡಬ್ಬಿಯೊಳಗೆ ಬೀಳಬಾರದೆಂದು ಅಕ್ಕ ಎಲ್ಲ ಡಬ್ಬಿಗಳ ಮೇಲೂ ಹಳೇ ತಟ್ಟೆ ಮುಚ್ಚಿಟ್ಟಿರುತ್ತಿದ್ದಳು.

ಗಾಡಿಯ ನೆಲದ ಹಲಗೆಯೇ ಅಲ್ಲಿ ಗಡಿ. ಹಲಗೆಯಿಂದ ಕೆಳಗಿನದೆಲ್ಲ, ಅಂದರೆ ಚಕ್ರ, ಬೇರಿಂಗು, ಬ್ರೇಕು, ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ಲು, ಅವಳ ಗಂಡನ ಪಾಲು. ಹಲಗೆಯಿಂದ ಮೇಲಿನದೆಲ್ಲ, ಬ್ಯಾಟರಿ, ವೈರು, ದೀಪ, ಮಾಡಿನ ಮೇಲಿನ ಸೋಲಾರ್ ಹಲಗೆ, ಅವಳ ತಮ್ಮನ ಪಾಲು. ಗಂಡ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು ಅದರೊಳಕ್ಕೆ ಬೇರಿಂಗನ್ನು ಒತ್ತೊತ್ತಿ, ಆ ಬದಿಯಿಂದ ಗ್ರೀಸು ಎಳೆಎಳೆಯಾಗಿ ಹೊರಬರುವವರೆಗೂ ಬಿಡುತ್ತಿರಲಿಲ್ಲ. ಎಡಗೈಯಲ್ಲಿ ಅವನಿಗೆ ಮೂರೇ ಬೆರಳು. ಆದರೂ ಐದು ಬೆರಳಿನವರು ನಾಚಬೇಕು, ಹಾಗೆ ಮಾಡುತ್ತಿದ್ದ. ತಮ್ಮ ಇನ್ನೊಂದು ಬಗೆ. ಅವನು ಎಳೆದ ವೈರು ಗೀಟು ಹಾಕಿದ ಹಾಗೆ ನೆಟ್ಟಗಿರುತ್ತಿತ್ತು. ಒಂದೊಂದಕ್ಕೂ ಚೀಟಿ ಅಂಟಿಸಿ, ಯಾವುದು ಎಲ್ಲಿಗೆ ಹೋಗುತ್ತದೆಂದು ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದ.

ಕೆಲಸದಲ್ಲಿ ಇಬ್ಬರೂ ಚಿನ್ನ. ಆದರೆ ಭಾವ ಮೈದುನರ ನಡುವೆ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ಒಂದೇ ಸೂರಿನಡಿ, ಒಂದೇ ಗಾಡಿಯ ಮೇಲೂ ಕೆಳಗೂ ಇದ್ದುಕೊಂಡು, ಆಡಬೇಕಾದ ಮಾತನ್ನೆಲ್ಲ ಅಕ್ಕನ ಕೈಲಿ ಹೇಳಿ ಕಳಿಸುತ್ತಿದ್ದರು.

‘ಇವಳೇ, ಆ ಕತ್ತೆಗೆ ಹೇಳು, ಬ್ಯಾಟರೀನ ಬಾಲದ ಕಡೆ ಇಟ್ರೆ ಗಾಡಿ ರೋಡಲ್ಲಿ ನಾಯಿ ಬಾಲದ ಥರ ಅಲ್ಲಾಡುತ್ತೆ ಅಂತ.’

ಅಕ್ಕ ಗಾಡಿಯ ಮೆಟ್ಟಿಲಿಗೆ ಬಂದು ತಲೆ ಒಳಗೆ ಹಾಕುತ್ತಿದ್ದಳು. ‘ಲೋ, ಬ್ಯಾಟರಿ ಸ್ವಲ್ಪ ಮುಂದಕ್ಕೆ ಇಟ್ರೆ ಒಳ್ಳೇದೇನೋ ಅಂತಾರೆ ನಿಮ್ ಭಾವ.’

‘ಒಳ್ಳೇದೇನೋ ಅಂದ್ರಾ ಅವ್ರು? ಸರಿ ಬಿಡು. ಮಹಾರಾಜರಿಗೆ ಹೇಳು, ನಾನೇನು ಇವತ್ತು ಹುಟ್ಟಿಲ್ಲ, ಮೊದಲೇ ಚಕ್ರದ ಮೇಲಕ್ಕೇ ಇಟ್ಟಿದೀನಿ ಅಂತ.’

ಅಕ್ಕ ಮತ್ತೆ ಬಗ್ಗುತ್ತಿದ್ದಳು. ‘ಚಕ್ರದ ನೇರಕ್ಕೇ ಇಟ್ಟಿದಾನಂತೆ ರೀ.’

ಹೀಗೆ ದಿನಕ್ಕೆ ನೂರು ಸಲ. ಬೈಗುಳ ಸೋಸಿ, ಕೆಲಸಕ್ಕೆ ಬೇಕಾದ್ದನ್ನಷ್ಟೇ ದಾಟಿಸುವುದು. ಮಿಲ್ಲಿನ ಗರಗಸದ ಸದ್ದಿಗಿಂತ ಮೇಲೆ ಕೂಗಬೇಕು, ಆದರೆ ಕೂಗಿದ್ದು ಜಗಳದಂತೆ ಕೇಳಬಾರದು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುತ್ತಾರೆ. ಈ ಮೂರನೆಯವಳಿಗೆ ಬಂದ ಲಾಭ ಸೊಂಟ ನೋವು, ಗಂಟಲು ನೋವು.

ಹಾಗಂತ ಅವಳು ದೂರುವಂತೆಯೂ ಇರಲಿಲ್ಲ. ಅದಕ್ಕೆ ಕಾರಣ ಅವಳಿಗೊಬ್ಬಳಿಗೇ ಗೊತ್ತಿತ್ತು. ಅಲ್ಲ, ತಮ್ಮನಿಗೂ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಂಡ ಒಂದು ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ಕೀಳುತ್ತಿದ್ದ. ‘ನಿನ್ ತಮ್ಮನಿಗೆ ಹೇಳು, ನಾನು ಮುಗಿಸೋ ತನಕ ಗಾಡಿ ಹತ್ತಬಾರ್ದು’ ಎಂದ. ಆಗ ಮಾತು ನಿಂತಿರಲಿಲ್ಲ. ತಮ್ಮ ಹಿತ್ತಲಲ್ಲಿ ಬ್ಯಾಟರಿ ತೊಳೆಯುತ್ತಿದ್ದ, ಅಷ್ಟೆ. ಅಕ್ಕ ಹೇಳಲೆಂದು ಹೊರಟಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಯಾವನೋ ಗಿರಾಕಿ ತನ್ನ ಫ್ರಿಜ್ಜಿನ ರಾಮಾಯಣ ಶುರುಮಾಡಿದ. ಹೂಂ ಹೂಂ ಎನ್ನುತ್ತ ನಿಂತವಳಿಗೆ ಗಂಡ ಹೇಳಿದ್ದು ಮರೆತೇಹೋಯಿತು. ತಮ್ಮ ಬ್ಯಾಟರಿ ಹೆಗಲ ಮೇಲಿಟ್ಟುಕೊಂಡು ಆ ಬದಿಯಿಂದ ಗಾಡಿ ಹತ್ತಿದ. ಗಾಡಿ ಓಲಿತು, ಜಾಕು ಜಾರಿತು. ಗಂಡನ ಎರಡು ಬೆರಳು ಡ್ರಮ್ಮಿನಡಿ ಹೋದವು.

ಆಸ್ಪತ್ರೆಯ ಪಡಸಾಲೆಯಲ್ಲಿ, ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಗಂಡ ತಮ್ಮನ ಎದುರಿಗೇ ಕೇಳಿದ: ‘ನೀನು ಇವನಿಗೆ ಹೇಳಿದ್ದೆ ತಾನೆ?’

ಅಕ್ಕನ ತಲೆ ತಾನಾಗಿ ಆಡಿತು. ಹೂಂ ಎಂದುಬಿಟ್ಟಳು.

ತಮ್ಮ ಒಂದು ಸಲ ಅವಳ ಮುಖ ನೋಡಿದ. ‘ನಂಗ್ಯಾರೂ ಹೇಳಿಲ್ಲ’ ಎನ್ನಬಹುದಿತ್ತು, ಎನ್ನಲಿಲ್ಲ. ಗಂಡ ಬಾಯಿಗೆ ಬಂದಂತೆ ಬೈದ ಮೇಲೆ, ‘ಸ್ಟ್ಯಾಂಡ್ ಇಡದೆ ಬರೀ ಜಾಕಿನ ಮೇಲೆ ಯಾರು ಕೆಲ್ಸ ಮಾಡ್ತಾರೆ?’ ಎಂದಷ್ಟೇ ಹೇಳಿ ಎದ್ದುಹೋದ. ಅದೇ ಅವರಿಬ್ಬರು ಆಡಿದ ಕೊನೆಯ ಮಾತು. ಶೆಡ್ಡು ಮಾತ್ರ ಇಬ್ಬರೂ ಬಿಡಲಿಲ್ಲ. ಬೇರೆ ಕೆಲಸ ಇಬ್ಬರಿಗೂ ಗೊತ್ತಿರಲಿಲ್ಲ. ಅಕ್ಕ ಮಾರನೆಯ ದಿನದಿಂದ ಆ ಬದಿಯ ಮಾತು ಈ ಬದಿಗೆ ಹೊರಲು ತೊಡಗಿದಳು. ಒಂದು ದಿನ ಮರೆತದ್ದಕ್ಕೆ ದಿನಾ ನೆನಪಿಟ್ಟು ಹೊರುವುದು.

ಹೀಗೆ ಹೊರುತ್ತ ಹನ್ನೊಂದನೆಯ ವರ್ಷ ಚಳಿ ಶುರುವಾದಾಗ ಅವಳ ದನಿ ಕಟ್ಟಿತು. ನಾಲ್ಕು ತಿಂಗಳು ಬಿಸಿನೀರು ಕುಡಿದಳು, ಕಷಾಯ ಕುಡಿದಳು. ದನಿ ತುಕ್ಕು ಹಿಡಿದ ಬಾಗಿಲಿನಂತಾಯಿತೇ ಹೊರತು ಬಿಡಲಿಲ್ಲ. ಕೊನೆಗೆ ಗಂಟಲಿನ ವೈದ್ಯರು ಸಣ್ಣ ಕನ್ನಡಿ ಒಳಗೆ ಬಿಟ್ಟು ನೋಡಿ, ‘ದನಿ ಬರೋ ಜಾಗದಲ್ಲಿ ಗಂಟು ಕಟ್ಟಿದೆ. ಟೀಚರಾ ನೀವು?’ ಎಂದರು. ಅಲ್ಲವೆಂದು ತಲೆ ಆಡಿಸಿದಳು. ‘ಯಾರೇ ಆಗಿರಿ, ಮೂರು ವಾರ ಒಂದಕ್ಷರ ಆಡಬಾರ್ದು. ಪಿಸುಮಾತೂ ಇಲ್ಲ.’

ಗಂಡ ವೈದ್ಯರ ಚೀಟಿ ಓದಿ ತಲೆ ಕೆರೆದುಕೊಂಡ. ‘ಹಂಗಾದ್ರೆ ಕೆಲ್ಸ ಹೆಂಗೆ ನಡೆಯೋದು?’ ಎಂದ. ನಿನಗೆ ಹೇಗಿದೆ ಎಂದು ಕೇಳಬಹುದಿತ್ತು. ಸಂಜೆ ತಮ್ಮನೂ ಹೆಚ್ಚುಕಡಿಮೆ ಅದನ್ನೇ ಕೇಳಿದ. ಜೊತೆಗೆ ಒಂದು ಬಿಳಿ ಹಲಗೆ, ಬರೆದು ಒರೆಸುವ ಪೆನ್ನು ತಂದುಕೊಟ್ಟ. ಅಕ್ಕ ಅದನ್ನು ಗೋಡೆಗೆ ಒರಗಿಸಿಟ್ಟಳು. ವೈದ್ಯರು ಬಾಯಿ ಮುಚ್ಚಲು ಹೇಳಿದ್ದರು, ಕೈ ಕಟ್ಟಿಕೊಳ್ಳಲು ಹೇಳಿರಲಿಲ್ಲ. ಆದರೂ ಅವರ ಮಾತನ್ನು ಬರೆದು ಹೊರುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಜೀವ ಅಷ್ಟು ಹಣ್ಣಾಗಿತ್ತು.

ಮೌನದ ಮೂರನೆಯ ದಿನ ನರ್ಸಮ್ಮನ ಗಾಡಿ ಬಂತು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದ ಹೆಂಗಸು. ಹನ್ನೆರಡು ವರ್ಷ ಹಳೆಯ ಕ್ಯಾರವಾನ್ ಕೊಂಡು ಒಬ್ಬಳೇ ಊರು ಸುತ್ತಲು ಹೊರಟಿದ್ದಳು. ಹಳೆ ಬ್ಯಾಟರಿ ತೆಗೆದು ಹಗುರವಾದ ಹೊಸ ಲಿಥಿಯಂ ಬ್ಯಾಟರಿ, ಮಾಡಿನ ಮೇಲೆ ಸೋಲಾರ್, ಹೊಸ ದೀಪಗಳು, ಕೆಳಗೆ ಬೇರಿಂಗು, ಬ್ರೇಕು, ಟೈರು, ಎಲ್ಲ ಆಗಬೇಕಿತ್ತು. ‘ಟೈರು ಹೊಸದರ ಥರಾನೇ ಇದೆಯಲ್ಲ?’ ಎಂದಳು. ಗಂಡ ಟೈರಿನ ಬದಿಯ ಸಣ್ಣ ಬಿರುಕುಗಳ ಮೇಲೆ ಬೆರಳಾಡಿಸಿ ತೋರಿಸಿದ. ‘ನಿಂತಲ್ಲೇ ಮುದಿಯಾಗಿದೆ ನೋಡಿ ಅಮ್ಮ. ಓಡದೇ ಇದ್ರೂ ವಯಸ್ಸಾಗುತ್ತೆ.’

‘ನಂಗೆ ಹೇಳ್ತಾ ಇದೀರೋ ಟೈರಿಗೋ?’ ಎಂದು ನಕ್ಕಳು ನರ್ಸಮ್ಮ.

ವಾರದಲ್ಲಿ ಎರಡೂ ಕೆಲಸ ಮುಗಿದವು. ಆಶ್ಚರ್ಯವೆಂದರೆ ಮಾತು ಹೊರುವವಳಿಲ್ಲದೆಯೂ ಮುಗಿದವು. ಇಬ್ಬರೂ ಒಬ್ಬರ ಹೊತ್ತು ಒಬ್ಬರು ತಪ್ಪಿಸಿಕೊಂಡು ಬರುತ್ತಿದ್ದರು. ಆದರೆ ಗಂಡ ಗಾಡಿಯನ್ನು ಕಾರಿಗೆ ಕಟ್ಟಿ ಗೋದಾಮಿನ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದಾಗ ಅವನ ಮುಖ ಗಂಟಿಕ್ಕಿತ್ತು. ಬ್ರೇಕು ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಎಡಚಕ್ರ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಇಲ್ಲ. ಎತ್ತು ಏರಿಗೆ ಕೋಣ ನೀರಿಗೆ.

ಆ ಗಾಡಿಯ ಬ್ರೇಕು ಕರೆಂಟಿನದು. ಕಾರಿನಲ್ಲಿ ಬ್ರೇಕು ಒತ್ತಿದಾಗ ವೈರಿನಲ್ಲಿ ಕರೆಂಟು ಹರಿದು, ಡ್ರಮ್ಮಿನೊಳಗಿನ ಅಯಸ್ಕಾಂತ ಅಂಟಿಕೊಂಡು ಚಕ್ರ ನಿಲ್ಲಿಸುತ್ತದೆ. ಗಂಡ ಡ್ರಮ್ಮು ಬಿಚ್ಚಿ ನೋಡಿದ. ಬ್ರೇಕಿನ ಶೂ ಹೊಸದು, ಅಯಸ್ಕಾಂತ ಹೊಸದು, ಎಲ್ಲ ಸರಿ. ಗಾಳಿಗೆ ಹೇಳುವವನಂತೆ ಜೋರಾಗಿ ಹೇಳಿದ: ‘ಕೆಳಗೆ ಏನೂ ತಪ್ಪಿಲ್ಲ. ಕರೆಂಟು ಬರ್ತಿಲ್ಲ.’ ಅವನು ಊಟಕ್ಕೆ ಹೋದಾಗ ತಮ್ಮ ಬಂದು, ಬ್ಯಾಟರಿಯಿಂದ ಬ್ರೇಕಿನ ವೈರಿಗೆ ಕರೆಂಟು ಕೊಟ್ಟು ಮೀಟರು ಹಿಡಿದ. ಎಡಚಕ್ರದ ವೈರಿನಲ್ಲಿ ಹನ್ನೆರಡೂವರೆ ವೋಲ್ಟು ಕಾಣುತ್ತಿತ್ತು. ‘ಕರೆಂಟು ಬಂದಿದೆ ಅಕ್ಕ. ದೋಷ ಏನಿದ್ರೂ ಚಕ್ರದ್ದು. ಹೇಳು ಅವ್ರಿಗೆ.’

ಅಕ್ಕ ಬಾಯಿ ಮುಚ್ಚಿಕೊಂಡೇ ಅವನನ್ನು ನೋಡಿದಳು. ‘ಓ, ಮರೆತೆ’ ಎಂದು ತಮ್ಮ ನಾಲಗೆ ಕಚ್ಚಿಕೊಂಡ.

ಎರಡು ದಿನ ಹೀಗೇ ಹೋಯಿತು. ಮೂರನೆಯ ಬೆಳಿಗ್ಗೆ ನರ್ಸಮ್ಮ ಬಂದು ತಾನೇ ಓಡಿಸಿ ನೋಡಿದಳು. ಇಳಿದವಳು ಸೊಂಟದ ಮೇಲೆ ಕೈಯಿಟ್ಟಳು. ‘ಒಬ್ರು ಮೇಲೆ ಸರಿಯಿದೆ ಅಂತೀರಿ, ಒಬ್ರು ಕೆಳಗೆ ಸರಿಯಿದೆ ಅಂತೀರಿ. ನಮ್ ವಾರ್ಡಲ್ಲೂ ಇಂಥ ಡಾಕ್ಟ್ರುಗಳಿದ್ರು. ಹೃದಯ ಚೆನ್ನಾಗಿದೆ, ಶ್ವಾಸಕೋಶ ಚೆನ್ನಾಗಿದೆ ಅಂತ ಬರೆದು ಹೋಗೋರು, ರೋಗಿ ಮಾತ್ರ ಏದುಸಿರು ಬಿಡ್ತಾ ಇರೋನು. ನಾಳೆ ಸಾಯಂಕಾಲ ಬರ್ತೀನಿ. ಗಾಡಿ ನೆಟ್ಟಗೆ ನಿಂತ್ರೆ ತಗೊಂಡು ಹೋಗ್ತೀನಿ.’

ಆ ಮಧ್ಯಾಹ್ನ ಗಂಡ ಮನೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ತಮ್ಮ ಯಾವುದೋ ಸಾಮಾನು ತರಲು ಹೋಗಿದ್ದ. ಅಕ್ಕ ಕುರ್ಚಿಯಲ್ಲಿ ಕೂತು ಗಾಡಿಯನ್ನೇ ನೋಡಿದಳು. ಮಾತಾಡುವುದು ನಿಂತ ಮೇಲೆ ತಲೆಯೊಳಗೆ ಜಾಗ ಬಿಡುವಾಗಿತ್ತು. ಹನ್ನೊಂದು ವರ್ಷ ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಮುಟ್ಟಿಸುತ್ತ ಮುಟ್ಟಿಸುತ್ತ ಎರಡೂ ವಿದ್ಯೆ ಅವಳಿಗೇ ಗೊತ್ತಿಲ್ಲದೆ ಹತ್ತಿದ್ದವು. ಬಲಚಕ್ರದವರೆಗೆ ವೈರು ಗಾಡಿಯಡಿಯ ಕಬ್ಬಿಣದ ಚೌಕಟ್ಟಿಗೆ ಕಟ್ಟಿಕೊಂಡು ಹೊರಗೇ ಬರುತ್ತದೆ. ಅಲ್ಲಿಂದ ಎಡಚಕ್ರಕ್ಕೆ ಹೇಗೆ ಹೋಗುತ್ತದೆ? ಆಕ್ಸಲ್ಲಿನ ಹೊಟ್ಟೆಯೊಳಗಿಂದ. ಆಕ್ಸಲ್ಲು ಕಬ್ಬಿಣದ ಕೊಳವೆ. ಅದು ಕೆಳಗಿನದು, ಆದ್ದರಿಂದ ತಮ್ಮ ಮುಟ್ಟುವುದಿಲ್ಲ. ಒಳಗಿರುವುದು ವೈರು, ಆದ್ದರಿಂದ ಗಂಡ ನೋಡುವುದಿಲ್ಲ.

ಅವಳು ಎದ್ದಳು. ಮೊದಲು ಎರಡು ಕಬ್ಬಿಣದ ಸ್ಟ್ಯಾಂಡು ಉರುಳಿಸಿ ತಂದು ಗಾಡಿಯಡಿ ನಿಲ್ಲಿಸಿದಳು. ಸೀರೆಯ ಮೇಲೆ ಗಂಡನ ಹಳೇ ಕೋಟು ತೊಟ್ಟು, ತಮ್ಮ ಮಾಡಿದಂತೆಯೇ ಬ್ಯಾಟರಿಯಿಂದ ಬ್ರೇಕಿನ ವೈರಿಗೆ ಕರೆಂಟು ಕೊಟ್ಟು, ಅವನ ಟೆಸ್ಟ್ ಲ್ಯಾಂಪು ಹಿಡಿದು, ಗಂಡ ಮಲಗಿ ಕೆಲಸ ಮಾಡುವ ಹಲಗೆಯ ಮೇಲೆ ಬೆನ್ನಿಟ್ಟು ಕೆಳಗೆ ಜಾರಿದಳು. ಸೊಂಟ ಚುಳ್ ಎಂದಿತು. ಎಡಗಡೆ ವೈರು ಆಕ್ಸಲ್ಲಿನ ರಂಧ್ರದಿಂದ ಹೊರಬರುವ ಕಡೆ ಲ್ಯಾಂಪು ಸಿಕ್ಕಿಸಿದಳು, ಉರಿಯಿತು. ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಲ್ಯಾಂಪು ಆರಿತು, ಹತ್ತಿತು, ಆರಿತು.

ರಂಧ್ರದ ಅಂಚಿನಲ್ಲಿ ರಬ್ಬರಿನ ಬಳೆ ಇರಲಿಲ್ಲ. ಹನ್ನೆರಡು ವರ್ಷದ ಕುಲುಕಾಟದಲ್ಲಿ ಕಬ್ಬಿಣದ ಅಂಚು ವೈರನ್ನು ತೇಯ್ದು ತೇಯ್ದು, ಒಳಗಿನ ತಾಮ್ರದಲ್ಲಿ ಮೂರ್ನಾಲ್ಕು ಎಳೆಯಷ್ಟೇ ಉಳಿದಿದ್ದವು. ನಿಂತಾಗ ತಾಗಿಕೊಂಡಿರುತ್ತವೆ, ಮೀಟರಿಗೆ ಕಾಣುತ್ತದೆ. ಓಡುವಾಗ ಬಿಡುತ್ತವೆ.

ಅವಳು ಹೊರಗೆ ಬರುವಷ್ಟರಲ್ಲಿ ಇಬ್ಬರೂ ಬಂದಿದ್ದರು. ಗಾಡಿಯಡಿಯಿಂದ ಚಾಚಿದ ಅವಳ ಕಾಲು ನೋಡಿ ಗಂಡ ಬೆಚ್ಚಿದ್ದ. ‘ಇವಳೇ, ತಲೆ ಕೆಟ್ಟಿದ್ಯಾ ನಿಂಗೆ?’ ಅಕ್ಕ ಮಾತಾಡದೆ ಲ್ಯಾಂಪು ಅವನ ಕೈಗೆ ಕೊಟ್ಟು ಜಾಗ ತೋರಿಸಿದಳು. ಅವನು ಬಗ್ಗಿ ನೋಡಿದ. ಆಮೇಲೆ ತಮ್ಮ ಬಗ್ಗಿ ನೋಡಿದ. ಇಬ್ಬರೂ ಎದ್ದು ನಿಂತು ಗೋಡೆಯ ಬೇರೆಬೇರೆ ಕಡೆ ನೋಡಿದರು.

ಹೊಸ ವೈರು ತೂರಿಸಲು ಇಬ್ಬರು ಬೇಕು. ಬಲಗಡೆಯಿಂದ ಒಬ್ಬ ತಳ್ಳಬೇಕು, ಎಡಗಡೆಯಿಂದ ಒಬ್ಬ ಎಳೆಯಬೇಕು. ಎಷ್ಟು ಬಂತು, ಎಲ್ಲಿ ಸಿಕ್ಕಿತು ಎಂದು ಹೇಳುತ್ತಿರಬೇಕು. ತಮ್ಮ ವೈರಿನ ಸುರುಳಿ ತಂದು ಬಲಗಡೆ ಕೂತ. ಗಂಡ ಅಲ್ಲಾಡಲಿಲ್ಲ.

‘ಅವನು ಆ ಕಡೆ ಇರೋವಾಗ ನಾನು ಗಾಡಿ ಕೆಳಗೆ ಕೈ ಹಾಕಲ್ಲ. ಒಂದ್ಸಲ ಹಾಕಿದ್ದೀನಿ, ಸಾಕು’ ಎಂದು ಎಡಗೈ ಎತ್ತಿ ತೋರಿಸಿದ. ‘ಹೇಳಿ ಕಳಿಸಿದ್ರೂ ಹತ್ತಿದವನು ಅವನು.’

ತಮ್ಮ ವೈರಿನ ತುದಿ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ. ಅವನ ಕಿವಿ ಮಾತ್ರ ಕೆಂಪಗಾದದ್ದು ಅಕ್ಕನಿಗೆ ಕಂಡಿತು. ಈಗ ಅವನ ಕೂದಲೂ ನರೆತಿತ್ತು. ಅವಳಿಗೆ ಒಮ್ಮೆಲೇ ಸಾಕಾಯಿತು. ಗೋಡೆಗೊರಗಿದ್ದ ಬಿಳಿ ಹಲಗೆ ತಂದು, ತೊಡೆಯ ಮೇಲಿಟ್ಟುಕೊಂಡು ಬರೆದಳು. ಅಕ್ಷರ ಸೊಟ್ಟಸೊಟ್ಟ ಬಿದ್ದವು.

‘ಅವತ್ತು ನಾನು ಅವನಿಗೆ ಹೇಳಿರಲಿಲ್ಲ. ಫೋನ್ ಬಂತು, ಮರೆತೆ. ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ.’

ಗಂಡ ಕನ್ನಡಕ ಹುಡುಕಿ ಹಾಕಿಕೊಂಡು ಓದಿದ. ಮತ್ತೆ ಓದಿದ. ಮಿಲ್ಲಿನ ಗರಗಸ ಒಂದು ದಿಮ್ಮಿ ಕೊಯ್ದು ಮುಗಿಸುವವರೆಗೂ ಹಾಗೇ ನಿಂತಿದ್ದ. ಆಮೇಲೆ ತಲೆ ತಿರುಗಿಸಿ ನೇರವಾಗಿ ಮೈದುನನನ್ನು ಕೇಳಿದ:

‘ನಿಂಗೆ ಇವಳು ಹೇಳಿರ್ಲಿಲ್ವೇನೋ?’

‘ಇಲ್ಲ.’

‘ಮತ್ತೆ ಅವತ್ತೇ ಬೊಗಳೋಕೆ ಏನಾಗಿತ್ತು?’

‘ಅಕ್ಕ ಹೂಂ ಅಂದ್ಮೇಲೆ ನಾನೇನು ಹೇಳ್ಲಿ ಭಾವ? ನಿಮ್ಮ ಕೈ ನೋಡ್ತಾ ಇವಳು ನಡುಗ್ತಾ ಇದ್ಲು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ನೀವು ಬೈದದ್ದಕ್ಕೆ ಸಿಟ್ಟು ಬಂತು.’

ಗಂಡ ಎಡಚಕ್ರದ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ. ಡ್ರಮ್ಮಿಗೆ ಹೇಳುವಂತೆ ಹೇಳಿದ: ‘ಸ್ಟ್ಯಾಂಡ್ ಇಟ್ಟಿರ್ಲಿಲ್ಲ ನಾನು. ಎರಡು ನಿಮಿಷದ ಕೆಲ್ಸ ಅಂತ.’

ತಮ್ಮ ಬಲಗಡೆಯಿಂದ ಹೊಸ ವೈರು ಕಟ್ಟಿದ ಗಟ್ಟಿ ತಂತಿಯೊಂದನ್ನು ಆಕ್ಸಲ್ಲಿನೊಳಕ್ಕೆ ತಳ್ಳತೊಡಗಿದ. ಕೊಳವೆಯೊಳಗೆ ಕರಕರ ಸದ್ದಾಯಿತು.

‘ಬಂತಾ?’ ಎಂದ ತಮ್ಮ.

‘ಬಂದಿಲ್ಲ.’

‘ಈಗ?’

‘ಎಲ್ಲೋ ತಡೀತಾ ಇದೆ. ಸ್ವಲ್ಪ ತಿರುಗಿಸು. ಹಂಗಲ್ಲೋ ಕತ್ತೆ, ಆ ಕಡೆ.’

‘ಆ ಕಡೆ ಅಂದ್ರೆ ಯಾವ ಕಡೆ? ನಂಗೇನು ಕೊಳವೆ ಒಳಗೆ ಕಣ್ಣಿದ್ಯಾ?’

ಬೈಗುಳವನ್ನು ಸೋಸಲು ಯಾರೂ ಇರಲಿಲ್ಲ. ಅದು ಹಾಗೇ ಹೋಗಿ ಮುಟ್ಟಿತು. ಅಕ್ಕ ಕುರ್ಚಿಗೆ ಹೋಗಿ ಕೂತಳು. ಗೆದ್ದೆ ಎನಿಸಲಿಲ್ಲ, ಅಳುವೂ ಬರಲಿಲ್ಲ. ದೂರದ ಊರಿಂದ ನಡೆದು ಬಂದವಳ ಹಾಗೆ ಕಾಲು ಸೋತಿತ್ತು, ಅಷ್ಟೆ.

ಮಾರನೆಯ ದಿನ ರಂಧ್ರಗಳಿಗೆ ರಬ್ಬರಿನ ಬಳೆ ಹಾಕಿ, ಡ್ರಮ್ಮು ಕೂರಿಸಿ, ಗಂಡ ಓಡಿಸಿದ, ತಮ್ಮ ಕಿಟಕಿಯಿಂದ ತಲೆ ಹೊರಹಾಕಿ ಚಕ್ರ ನೋಡಿದ. ಗಾಡಿ ಗೀಟೆಳೆದಂತೆ ನಿಂತಿತು. ಸಂಜೆ ನರ್ಸಮ್ಮ ಬಂದಳು. ಮೂರು ಸಲ ಬ್ರೇಕು ಒತ್ತಿ ನೋಡಿದಳು. ‘ಯಾರಿಗೆ ಸಿಕ್ತು ರೋಗ?’ ಎಂದು ಕೇಳಿದಳು. ಇಬ್ಬರೂ ಅಕ್ಕನ ಕಡೆ ಕೈ ತೋರಿಸಿದರು. ನರ್ಸಮ್ಮ ಅವಳ ಭುಜದ ಮೇಲೆ ಕೈಯಿಟ್ಟು, ‘ಮೂರು ವಾರ ಮುಗಿದ ಕೂಡ್ಲೇ ಮತ್ತೆ ಕೂಗಾಡೋಕೆ ಹೋಗ್ಬೇಡಿ’ ಎಂದು ಹೇಳಿ ಗಾಡಿ ಕಟ್ಟಿಕೊಂಡು ಹೋದಳು.

ಮನೆಯಲ್ಲಿ ಗಂಡ ನಾಲ್ಕೈದು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ, ಎದ್ದುಹೋಗುತ್ತಿದ್ದ. ಅದು ಅವನ ಹಕ್ಕು ಎಂದುಕೊಂಡು ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಹೇಗೂ ವೈದ್ಯರ ಅಪ್ಪಣೆ. ಮೂರು ವಾರ ಮುಗಿದ ದಿನ ಬೆಳಿಗ್ಗೆ ಅವನು ಬಚ್ಚಲ ಬಳಿ ಸೋಪು ಹಚ್ಚಿ ಕೈ ಉಜ್ಜುತ್ತ ಕೇಳಿದ: ‘ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ?’

ಅವಳ ದನಿ ಹೊರಬಂದಾಗ ಅವಳಿಗೇ ಗುರುತಾಗಲಿಲ್ಲ. ತೆಳ್ಳಗೆ, ಒರಟಾಗಿ ಇತ್ತು.

‘ನಿಮ್ಮಿಬ್ರ ಮಾತು ಹೇಳೋದ್ರಲ್ಲೇ ದಿನ ಮುಗಿದು ಹೋಗ್ತಿತ್ತು. ನಂದು ಹೇಳೋಕೆ ಹೊತ್ತೇ ಸಿಗ್ಲಿಲ್ಲ.’ ಚೊಂಬು ಎತ್ತಿಕೊಂಡು, ‘ಭಯಾನೂ ಇತ್ತು ರೀ’ ಎಂದಳು.

ಅವನು ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ. ‘ನೀರು ಹಾಕು’ ಎಂದ. ಅವಳು ಚೊಂಬಿನಿಂದ ನಿಧಾನವಾಗಿ ನೀರು ಹೊಯ್ದಳು. ಮೂರು ಬೆರಳಿನ ಕೈ ಮೊದಲು, ಆಮೇಲೆ ಇನ್ನೊಂದು.

ಭಾವ ಮೈದುನರು ಆಮೇಲೆ ಕೂಡಿ ನಕ್ಕು ನಲಿದರೆಂದೇನಿಲ್ಲ. ಕೆಲಸದ ಮಾತು ಆಡುತ್ತಾರೆ, ಕೆಲಸಕ್ಕಾಗಿ ಜಗಳ ಆಡುತ್ತಾರೆ. ತಮ್ಮ ಇನ್ನೂ ಅಕ್ಕನ ಮನೆಗೆ ಊಟಕ್ಕೆ ಬರುವುದಿಲ್ಲ, ಕರೆದರೆ ‘ನೋಡೋಣ ಅಕ್ಕ’ ಎನ್ನುತ್ತಾನೆ. ಅವಳ ದನಿ ಪೂರ್ತಿ ಮರಳಲಿಲ್ಲ. ಮಿಲ್ಲು ನಡೆಯುವಾಗ ಅವಳು ಹೇಳಿದ್ದು ಯಾರಿಗೂ ಕೇಳುವುದಿಲ್ಲ, ಆದ್ದರಿಂದ ಹೇಳುವುದನ್ನೇ ಬಿಟ್ಟಿದ್ದಾಳೆ. ಆಕ್ಸಲ್ಲಿನೊಳಗಿನ ವೈರುಗಳನ್ನು ತೆಗೆದು ಹೊರಗಡೆ ಭದ್ರವಾಗಿ ಕಟ್ಟುವ ಕೆಲಸ ಈಗ ಅವಳದು. ಸೊಂಟ ನೋಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ, ರಿಪೇರಿಗೆ ಬಂದ ಯಾವುದಾದರೂ ಗಾಡಿಯ ಮಂಚದ ಮೇಲೆ ಹಳೇ ಬಟ್ಟೆ ಹಾಸಿಕೊಂಡು ಅರ್ಧ ಗಂಟೆ ಮಲಗುತ್ತಾಳೆ. ಹೊರಗೆ ಇಬ್ಬರು ಗಂಡಸರು ಯಾವುದೋ ನಟ್ಟಿನ ಬಗ್ಗೆ ಕಿತ್ತಾಡುತ್ತಿದ್ದರೂ ಅವಳಿಗೆ ಎಚ್ಚರವಾಗುವುದಿಲ್ಲ.